ಹಿತ್ತಲ ಲೆಕ್ಕ

ಇಸ್ತಾಂಬುಲ್, ಶಿಶ್ಲಿ, ಐದನೇ ಮಹಡಿ. ಬೆಳಿಗ್ಗೆ ಏಳೂಕಾಲು.
ಗಾಸ್ಪರೆ, ಇಪ್ಪತ್ತಾರು, ಸಿಸಿಲಿಯ ಮೀನು ಹರಾಜಿನವ,
ಕುರ್ಚಿಯ ತುದಿಯಲ್ಲಿ ಕೂತಿದ್ದಾನೆ.
ಟೋಪಿ ತೊಡೆಯ ಮೇಲೆ,
ಅಪರಿಚಿತರ ಮನೆಗೆ ತಂದ ಬೆಕ್ಕಿನ ಹಾಗೆ.

'ನಾಲ್ಕೂವರೆ ಸಾವಿರ ಗ್ರಾಫ್ಟ್' ಎನ್ನುತ್ತಾನೆ,
ನಾನು ಕೇಳುವ ಮೊದಲೇ.
ಕೂಗಿದ ಮೇಲೆ ಇಳಿಯುವ ಅಭ್ಯಾಸವಿಲ್ಲ ಅವನಿಗೆ.
ಕೆಳಗೆ ಬಾಗಿಲಲ್ಲಿ ನಮ್ಮದೇ ಬೋರ್ಡು:
ಎಷ್ಟು ನೆಟ್ಟರೂ ಒಂದೇ ಬೆಲೆ.
ಬೆರಳಿಟ್ಟು ತೋರಿಸುತ್ತಾನೆ, ಗೆರೆ ಇಲ್ಲಿಗೆ ಬರಬೇಕು,
ಹುಬ್ಬಿಗಿಂತ ಮೂರೇ ಬೆರಳು ಮೇಲೆ,
ಹದಿನಾರರಲ್ಲಿ ಇದ್ದಲ್ಲಿ.
ನ್ಯುಕೆತ್ ಅನುವಾದಿಸುತ್ತಾಳೆ.
ಬೇಕಿರಲಿಲ್ಲ.

ನಾನು ಅವನ ತಲೆ ಬಗ್ಗಿಸಿ ಹಿಂದಕ್ಕೆ ಹೋಗುತ್ತೇನೆ.
ಬಂದವರೆಲ್ಲ ತೋರಿಸುವುದು ಅಂಗಳ,
ನಾನು ನೋಡುವುದು ಹಿತ್ತಲು.
ಕಿವಿಯಿಂದ ಕಿವಿಗೆ, ಕತ್ತಿನ ಮೇಲೆ
ನೂರೈವತ್ತು ಚದರ ಸೆಂಟಿಮೀಟರ್.
ಭೂತಗನ್ನಡಿ ಇಟ್ಟರೆ ಒಂದೊಂದರಲ್ಲೂ ಎಪ್ಪತ್ತೈದು ಬುಡ,
ಕೆಲವು ಒಂಟಿ, ಬಹಳ ಜೋಡಿ,
ಅಲ್ಲೊಂದು ಇಲ್ಲೊಂದು ಮೂರೆಳೆ.
ಗುಣಿಸಿದೆ. ಅರ್ಧಕ್ಕಿಂತ ಹೆಚ್ಚು ಕಿತ್ತರೆ ಹಿತ್ತಲೂ ಬಯಲು.
ಹಾಗಾಗಿ ಐದು ಸಾವಿರದ ಆರುನೂರು.
ಇವತ್ತಿಗಲ್ಲ,
ಈ ಜನ್ಮಕ್ಕೆ.

ಅಮ್ಮ ಹೆರೆಕೆಯಲ್ಲಿ ರೇಷ್ಮೆಯ ರತ್ನಗಂಬಳಿ ನೇಯುತ್ತಿದ್ದಳು,
ಇಷ್ಟೇ ಜಾಗದಲ್ಲಿ ನೂರು ಗಂಟು.
ನಾನು ಒಂಬತ್ತರವಳಿದ್ದಾಗ ಒಮ್ಮೆ
ಅಂಚಿನ ಹೂಗಳಿಗೆ ಧಾರಾಳವಾಗಿ ಸುರಿದಳು ಕೆಂಪು.
ನಡುವಿಗೆ ಬರುವಷ್ಟರಲ್ಲಿ ನೂಲು ಮುಗಿಯಿತು.
ಮತ್ತೆ ಬಣ್ಣಕ್ಕೆ ಅದ್ದಿದ್ದು
ಅದೇ ಹಂಡೆ, ಅದೇ ಬೇರು, ಬೇರೆಯೇ ಕೆಂಪು.
ವ್ಯಾಪಾರಿ ಮುಟ್ಟಲಿಲ್ಲ.
ಈಗಲೂ ಅದು ನಮ್ಮ ಊಟದ ಕೋಣೆಯಲ್ಲಿದೆ.
ಆ ಪಟ್ಟೆಯ ಮೇಲೆ ಯಾವಾಗಲೂ
ಯಾರೂ ಕೂರದ ಒಂದು ಕುರ್ಚಿ.

'ನಿಮ್ಮಪ್ಪನ ತಲೆ ಹೇಗಿದೆ?' ಕೇಳಿದೆ.
ಗಾಸ್ಪರೆ ಭುಜ ಕುಣಿಸಿದ. 'ಯಾವಾಗಲೂ ಟೋಪಿ.'
'ಫೋನ್ ಮಾಡಿ.'

ಪರದೆಯಲ್ಲಿ ಅಡುಗೆಮನೆ, ಸೋರುವ ನಲ್ಲಿ,
ಕೈಯಲ್ಲಿ ಬ್ರೆಡ್ಡು ಹಿಡಿದ ಕಲೋಜೆರೊ.
ನ್ಯುಕೆತ್ ಏನೋ ಹೇಳಿದಳು.
ಆತ ಮಗನನ್ನೊಮ್ಮೆ ನೋಡಿ ಟೋಪಿ ತೆಗೆದ,
ಬಗ್ಗಿದ.
ಅಬ್ಬಾ, ತುಂಬಿದ ಬಕ್ಕತಲೆ!
ನೆತ್ತಿಯಿಂದ ಇಳಿದು, ಇಳಿದು, ಕಿವಿಗಳ ಹತ್ತಿರ
ಕಡಲಂಚಿನ ಪಾಚಿಯಷ್ಟು ಉಳಿದಿತ್ತು.
ಮಗನ ಐವತ್ತನೇ ವರ್ಷ
ಬೆಳಕು ಹೊಳೆಸುತ್ತ ನಮ್ಮೆದುರು ಬಗ್ಗಿ ನಿಂತಿತ್ತು.

ನಾನು ಪೆನ್ನಿನಿಂದ ಪರದೆಯ ಮೇಲೆಯೇ ಅಳೆದೆ.
ಈ ನೆತ್ತಿ ಇವನಿಗೂ ತೆರೆದುಕೊಂಡರೆ
ಮೂರು ಸಾವಿರವಾದರೂ ಬೇಕು.
ಈಗಲೇ ನಾಲ್ಕೂವರೆ ನೆಟ್ಟರೆ
ಮುಂದೆ ಕಾಡು, ಹಿಂದೆ ಮೈದಾನ,
ನಡುವೆ ಟೋಪಿ.

ಬಗ್ಗಿದ ತಲೆಯ ಕೆಳಗಿನಿಂದ ದನಿ ಬಂತು.
ನ್ಯುಕೆತ್ ತಡೆದು ತಡೆದು ಹೇಳಿದಳು:
'ಅವನಿಗೆ ಕಡಿಮೆ ಬಿದ್ದರೆ
ನನ್ನಲ್ಲಿ ಉಳಿದದ್ದು ತೆಗೆದುಕೊಳ್ಳಿ ಅನ್ನುತ್ತಿದ್ದಾರೆ.'

ದಿನಕ್ಕೆ ಹತ್ತು ಪ್ರಶ್ನೆಗೆ ಥಟ್ಟನೆ ಉತ್ತರಿಸುವವಳು ನಾನು.
ಇದಕ್ಕೂ ಉತ್ತರ ಗೊತ್ತು:
ಒಬ್ಬರ ಕೂದಲು ಇನ್ನೊಬ್ಬರ ನೆಲದಲ್ಲಿ ಹಿಡಿಯುವುದಿಲ್ಲ,
ರಕ್ತ ಒಂದೇ ಆದರೂ, ಮೈ ಗುರುತಿಸಿ ತಳ್ಳುತ್ತದೆ.
ನ್ಯುಕೆತ್‌ಳತ್ತ ನೋಡಿ ತಲೆಯಾಡಿಸಿದೆ ಅಷ್ಟೇ.
ಅವಳು ಅದನ್ನು ಯಾವ ಮಾತಿಗೆ ತಿರುಗಿಸಿದಳೋ.

ಗಾಸ್ಪರೆ ಹಣೆಯಿಂದ ತನ್ನ ಬೆರಳನ್ನು
ತಾನೇ ಎರಡು ಬೆರಳಗಲ ಮೇಲಕ್ಕೆ ಸರಿಸಿದ.

ಬರೆದೆ.
ಮುಂದಿನ ಅಂಚಿಗೆ ಒಂಟಿಗಳು, ಐನೂರ ನಲವತ್ತು,
ಡೊಂಕುಡೊಂಕಾಗಿ; ನೇರ ಗೆರೆ ದೂರದಿಂದಲೇ ಸುಳ್ಳು ಹೇಳುತ್ತದೆ.
ಅದರ ಹಿಂದೆ ಜೋಡಿ, ಸಾವಿರದ ಎಂಟುನೂರು.
ನೆತ್ತಿ: ಖಾಲಿ.
ಉಳಿಕೆ: ಮೂರು ಸಾವಿರದ ಇನ್ನೂರ ಅರವತ್ತು.

ಆ ಕೊನೆಯ ಅಂಕಿಯನ್ನೇ ಆತ ನೋಡುತ್ತಿದ್ದ,
ಹರಾಜಿಗಿಡದೆ ಮಂಜುಗಡ್ಡೆಯಲ್ಲಿ ಬಿಟ್ಟುಬಂದ
ಒಳ್ಳೆಯ ಮೀನನ್ನು ನೋಡುವ ಹಾಗೆ.

ಮೇಜಿನ ಮೇಲೆ ಫೋನ್ ಇನ್ನೂ ಉರಿಯುತ್ತಿತ್ತು.
ಬಗ್ಗಿದ ತಲೆ ಬಗ್ಗಿಯೇ ಇತ್ತು.
ಸಾಕು, ತಲೆ ಎತ್ತಿ ಅಂತ
ನಮ್ಮಲ್ಲಿ ಯಾರೂ ಹೇಳಿರಲಿಲ್ಲ.