ರ ಒತ್ತು

ವಾರಿಜಾಕ್ಷಿಯಮ್ಮನ ಕಂತು ಬಂದ ದಿನ
ನಮ್ಮ ಬಂದರಿನ ಪ್ರೆಸ್ಸಿನಲ್ಲಿ ರ ಒತ್ತು ಸಾಲುತ್ತಿರಲಿಲ್ಲ.
ಪ್ರೀತಿ, ಪ್ರೇಮ, ಪ್ರಿಯ, ಪ್ರಾಣ...
ಮೂರನೇ ಪುಟಕ್ಕೇ ಖಾನೆ ಖಾಲಿ.
ಕಟ್ಟಿಟ್ಟ ಯಾವುದೋ ಮದುವೆ ಕಾಗದದಿಂದ
ಮೊಳೆ ಕಿತ್ತು ತರುತ್ತಿದ್ದೆ.
ಗಣಪತಿ ದೇವರು ಒಂದಿಡೀ ರಾತ್ರಿ
ಬರಿಯ ‘ಶೀ’ ಆಗಿ ಕಾದದ್ದುಂಟು.

ಕಂತು ಬರುತ್ತಿದ್ದದ್ದು ಗಂಡನ ಚರ್ಮದ ಚೀಲದಲ್ಲಿ.
ಉಡುಪಿ ಎಕ್ಸ್‌ಪ್ರೆಸ್ಸಿನ ಕಂಡಕ್ಟರು, ವಾಸಣ್ಣ.
ಕಾಗದಕ್ಕೆಲ್ಲ ಚಿಲ್ಲರೆಯ ವಾಸನೆ.
ಕಾಪುವಿನಲ್ಲಿ ಹತ್ತುವ ಟೀಚರುಗಳು ಸುತ್ತುಗಟ್ಟುವರು:
“ರೇವತಿಗೆ ಆ ಡಾಕ್ಟರು ಸಿಗ್ತಾನಾ ಇಲ್ವಾ?
ನಿಮಗೆ ಗೊತ್ತುಂಟು, ಹೇಳಿ.”
ಅವರು ಸೀಟಿ ಊದುವರು.
“ಮುಂದೆ ಹೋಗಿ, ಮುಂದೆ ಹೋಗಿ. ರೈಟ್, ಪೋಯಿ!”

ಎಂಬತ್ತಮೂರು ಕಾದಂಬರಿ.
ಬೀಡಿ ಕಟ್ಟುವ ಜಗಲಿಗಳಲ್ಲಿ ಒಬ್ಬಳು ಓದುವುದು,
ಆರು ಮಂದಿ ಎಲೆ ಸುತ್ತುತ್ತ ಕೇಳುವುದು,
ಓದಿದವಳ ಪಾಲಿನ ಬೀಡಿ
ಎಲ್ಲರೂ ಸೇರಿ ಕಟ್ಟಿಕೊಡುವುದು.
ನಾಯಕ ಮುನಿಸಿಕೊಂಡ ವಾರ
ಬ್ರಾಂಚಿನಲ್ಲಿ ಸಡಿಲ ಬೀಡಿ ಜಾಸ್ತಿ ವಾಪಸಾಯಿತಂತೆ.
ನನ್ನ ತಂಗಿ ಹೇಳಿದ್ದು, ಸುಳ್ಳಿರಲಿಕ್ಕೂ ಸಾಕು.

ಟೌನ್‌ಹಾಲಿನಲ್ಲಿ ಒಬ್ಬ ಪ್ರೊಫೆಸರರು
“ಒಗ್ಗರಣೆ ಸಾಹಿತ್ಯ” ಅಂದರು.
ವಾರಿಜಾಕ್ಷಿಯಮ್ಮ ಮೂರನೇ ಸಾಲಿನಲ್ಲಿ,
ಕೊಡೆ ಮಡಿಲಲ್ಲಿಟ್ಟು.
ಮೆಟ್ಟಿಲಿಳಿಯುವಾಗ ಕೇಳಿದ್ದು ಇಷ್ಟೇ:
“ಅವರ ಮನೆಯಲ್ಲಿ ಒಗ್ಗರಣೆ ಯಾರು ಹಾಕುವುದು?”

ಒಮ್ಮೆ ಪ್ರೂಫು ನೋಡುವಾಗ ಧೈರ್ಯ ಮಾಡಿದೆ.
ಅಲ್ಲ ಅಮ್ಮಾ, ನಿಮ್ಮ ನಾಯಕರಿಗೆಲ್ಲ ಕಾರು,
ಆರಡಿ ಎತ್ತರ, ಕೊಡಗಿನಲ್ಲಿ ಎಸ್ಟೇಟು.
ಬಸ್ಸಿನವನೊಬ್ಬ ಯಾಕಿಲ್ಲ?
ಕೆಂಪು ಪೆನ್ನು ನಿಂತಿತು.
“ಅದೊಂದು ಮಾರಲಿಕ್ಕೆ ಅಲ್ಲ ಮಾರಾಯ್ರೆ.”
ನಾನು ಬಿಟ್ಟ ಅಲ್ಪವಿರಾಮ ಹಾಕಿ
ಮುಂದಿನ ಪುಟ ಎಳೆದುಕೊಂಡರು.

ಆಫ್‌ಸೆಟ್ ಬಂತು. ಮೊಳೆಗಳನ್ನು
ಕಿಲೋ ಲೆಕ್ಕದಲ್ಲಿ ಕೊಟ್ಟೆವು, ರ ಒತ್ತೂ ಸೇರಿ.
ವಾಸಣ್ಣ ತೀರಿದ ಮೇಲೆ ಅವರು ಬರೆಯಲಿಲ್ಲ.
“ಇನ್ನು ಕಂತು ಯಾರು ಕೊಂಡೊಯ್ಯುವುದು?”
ಅಂಚೆ ಉಂಟಲ್ಲ ಅಮ್ಮಾ, ಎಂದುಬಿಟ್ಟೆ.
ನನ್ನನ್ನೇ ನೋಡಿದರು,
ಕಾಗುಣಿತ ಬಾರದವನನ್ನು ನೋಡುವ ಹಾಗೆ.

ಹಂಪನಕಟ್ಟೆಯ ಬಾಡಿಗೆ ಲೈಬ್ರರಿ ಮುಚ್ಚುವಾಗ
ರಟ್ಟು ಹೋದ ಒಂದು ಪ್ರತಿ ಮನೆಗೆ ತಂದೆ.
ನೂರ ಹನ್ನೆರಡನೇ ಪುಟದ ಅಂಚಿನಲ್ಲಿ ಪೆನ್ಸಿಲು:
‘ಇಲ್ಲಿ ಅಳಬೇಡಿ. ೧೪೦ರಲ್ಲಿ ಸರಿಯಾಗುತ್ತದೆ.’
ಅದರ ಕೆಳಗೆ, ಬೇರೆ ಕೈ:
‘ಗೊತ್ತುಂಟು. ಆದರೂ.’