ಎರಡು ತೂತು

ನೌಬಾದಿನ ಟ್ಯೂಷನ್ ಕೋಣಿ, ಗ್ವಾಡಿಗೆ ಬಿಳಿ ಧೋತರ.
ಮೊದಲು ಕೆನಡಾದ್ದು: ಹೆಪ್ಪುಗಟ್ಟಿದ ಕೆರಿ,
ಮುದುಕಿ ಒಬ್ಬಾಕಿ ಹಿಮಕ್ಕ ತೂತು ಕೊರದು
ಗಾಳ ಬಿಟ್ಟು ಕುಂತಾಳ.
ಇಪ್ಪತ್ತು ನಿಮಿಷ ಮಾತಿಲ್ಲ.
ಹಿಂದಿನ ಸಾಲಿನ್ಯಾಗ ಯಾರೋ ಆಕಳಿಸಿದರು.

ಆಮ್ಯಾಲ ನಮ್ಮ ವೈಜಿನಾಥಂದು,
ಅಳಿಯನ ಮೊಬೈಲಿನ್ಯಾಗ ತೆಗೆದದ್ದು:
ಸುರಂಗ ಬಾವಿಯ ಬಾಯಿಗೆ ಬಗ್ಗಿ
ರುಖಿಯಾಬಿ ಕೊಡ ಇಳಿಬಿಡ್ತಾಳ.
ಕೆಮ್ಮಣ್ಣು ಉದುರತದ. ಹಗ್ಗ ಮುಗಿಯೋದೇ ಇಲ್ಲ.
ಬಹಳ ಹೊತ್ತಿಗೆ,
ಬುಳಕ್.

ಹೋಲಿಸಿ ಮಾತಾಡ್ರಿ, ಅಂದರು ಮಾಸ್ತರು.
ಬಂಡವಾಳ ಬಂತು, ಬೆಳಕು ಬಂತು,
ಏಕಾಂತ ಎರಡು ಸಲ ಬಂತು.

ಕಡೀಕ ರುಖಿಯಾಬಿನೇ ಎದ್ದಳು:
"ಆ ಮುದುಕಿಗಿ ಮೀನ ಸಿಕ್ತೇನ್ರಿ?"

ಯಾರಿಗೂ ಗೊತ್ತಿಲ್ಲ. ಸಿನಿಮಾ ಅಲ್ಲಿಗೇ ಮುಗಿದದ.

"ನಂದೂ ಅರ್ಧಕ್ಕೇ ಕತ್ತರಿಸ್ಯಾನ ಇಂವ,"
ಸೆರಗು ಕೊಡವಿ ಕುಂತಳು,
"ಕೊಡ ತುಂಬಿತ್ತು."