ಜನತಾ

ನಿನ್ನೆ ಒಬ್ಬಾಕಿ ಜಂಪರ್ ತಂದು
ನನ್ನ ಮಷೀನಿನ ಮ್ಯಾಲ ಒಗೆದಳು.
“ಏನವಾ ಇದು, ಜನತಾ ಹೊಲಿಗಿ!
ಒಂದ ಸಲ ತೊಟ್ಟಿದ್ದಕ್ಕ ಕಂಕುಳ ಬಿಚ್ಚಿತು.”
ಊರಿಗೆ ಹೊಸಬಳು, ಆಕಿಗೇನು ಗೊತ್ತು
ನನ್ನ ರೇಷನ್ ಕಾರ್ಡಿನ್ಯಾಗ ಬರದ ವಿಳಾಸ:
ಮನಿ ನಂಬರ್ ಇಪ್ಪತ್ಮೂರು, ಜನತಾ ಪ್ಲಾಟು, ತಾವರಗೇರಾ.

ಬಿಚ್ಚಿ, ಎರಡೆಳಿ ಹಾಕಿ ಮತ್ತ ಹೊಲದೆ.
ರೊಕ್ಕ ಕೇಳಲಿಲ್ಲ.

ಆ ಶಬ್ದ ಊರಿಗೆ ಬಂದಾಗ ನಾನು ಮೂರನೇತ್ತೆ.
ಹಳದಿ ಬೋರ್ಡು, ಕೆಂಪನ್ನ ಅಕ್ಷರ.
ಮಾಸ್ತರು ನಮ್ಮನ್ನ ಸಾಲು ಹಚ್ಚಿ ಕರಕೊಂಡು ಹೋಗಿ ಓದಿಸಿದರು:
ಜ, ನ, ತಾ.
ಜನತಾ ಅಂದರ ಯಾರ್ರೀ ಸರ?
ನೀವ. ನಿಮ್ಮಪ್ಪ, ನಿಮ್ಮವ್ವ,
ಅಕಾ ಅಲ್ಲಿ ದನ ಹೊಡಕೊಂಡು ಹೊಂಟಾನಲ್ಲ ಸಂಗ್ಯಾ, ಅವನೂ.
ನಾವು ಬಿದ್ದು ಬಿದ್ದು ನಕ್ಕಿವಿ.
ಅಷ್ಟು ದೊಡ್ಡ ಬೋರ್ಡಿನ ಮ್ಯಾಲ ಸಂಗ್ಯಾ!

ಅವ್ವ ಒಂದು ವರ್ಷ ಆ ಹೆಸರನ್ನ
ದವಡಿಯೊಳಗ ಬೆಲ್ಲ ಇಟ್ಟಂಗ ಇಟಗೊಂಡಿದ್ದಳು.
ಸಂತಿಯಾಗ ಬದನಿಕಾಯಿ ತೂಗೋನಿಗೂ ಹೇಳಾಕಿ,
“ನಮಗ ಜನತಾ ಮನಿ ಬಂದೈತ್ರಿ.”

ಮನಿ ಎಂಥಾದ್ದಪಾ ಅಂದರ
ಬಾಗಲಾ ಹಾಕಿದರ ಕಿಟಕಿ ತೆರೀತಿತ್ತು.
ಎಮ್ಮಿ ಮೈ ತಿಕ್ಕಿದರ
ಎಮ್ಮೀ ಮೈಯಾಗ ಅರ್ಧ ಗೋಡಿ.

ಆಮ್ಯಾಲ ಶಬ್ದಕ್ಕ ಕಾಲು ಬಂದವು.
ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋತು, ನೀರ ಚಾ ಆತು.
ಹುಚ್ಚಯ್ಯನ ಅಂಗಡಿಗೆ ಹೋಗಿ
ವಾರದಾಗ ಬಾರು ಹರಿಯೋ ಚಪ್ಪಲಿ.
ನನ್ನ ಲಗ್ನದಾಗ ಬೀಗರ ಬಾಯಿಗೂ ಬಂತು:
“ಊಟ ಚಲೋ ಇತ್ತು, ಪೆಂಡಾಲ ಅಷ್ಟ ಜನತಾ.”
ಹೋದ ವಾರ ನನ್ನ ಮಗ,
ಅದ ಮನಿಯಾಗ ಹುಟ್ಟಿದಾಂವ, ಕೇಳಿದ:
“ಅವ್ವಾ, ಇದೆಂಥಾ ಜನತಾ ಚಾರ್ಜರ್ ತಂದಿ?”

ಬೈಗಳಂತ ಯಾರೂ ಬೈದಿಲ್ಲ.
ಕುಂತು ಠರಾವು ಮಾಡಿದವರೂ ಇಲ್ಲ.

ಆ ಮನಿಗಳ ಗೌಂಡಿ ನಮ್ಮಪ್ಪ, ಹುಸೇನಪ್ಪ.
ಗೋಡಿಗೆ ದಾರ ಹಿಡದನಂದರ
ಹನುಮಸಾಗರದ ತನಕ ಹೆಸರು.
ಕಾಗದದಾಗ ಒಂದಕ್ಕ ಆರು ಅಂತ ಬರದಿತ್ತು,
ಕಂತ್ರಾಟದಾಂವ ಹಾಕಿಸಿದ್ದು ಒಂದಕ್ಕ ಹದಿನಾಕು.
“ಉಸುಕಿಗೆ ಸಿಮೆಂಟಿನ ವಾಸನಿ ತೋರಿಸಿದಿವಿ ಅಷ್ಟ”
ಅಂತಿದ್ದ ಅಪ್ಪ, ನಕ್ಕೋತ.

ಆದರ ನಮ್ಮನಿ ಪಡುವಣ ಗೋಡಿಗೆ ಮೊಳಿ ಇಳಿಯೂದಿಲ್ಲ.
ಬಾಗತೈತಿ.
ಮೂರು ಮೊಳಿ ಬಾಗಿದ ಮ್ಯಾಲ
ನನ್ನ ಗಂಡ ಸುತ್ತಿಗಿ ಒಗೆದು ಕೈ ಊದಿಕೊಂಡ.
ದೇವರ ಪಟಾ ಇವತ್ತಿಗೂ ನೆಲದ ಮ್ಯಾಲ.

ಹಾಸಿಗಿ ಹಿಡದಾಗ, ಒಂದು ಮಧ್ಯಾನ,
ಅಪ್ಪ ಆ ಗೋಡಿಗೆ ಅಂಗೈ ಹಚ್ಚಿ ಹೇಳಿದ:
ದಿನಾ ಸಂಜಿಗೆ ಬುತ್ತಿ ಡಬ್ಬಿಯೊಳಗ
ಒಂದೊಂದು ಮುಟಿಗಿ ಸಿಮೆಂಟು ತಂದೆ.
ಆ ಒಂದರೊಳಗಿಂದ ತಗದದ್ದು.
ಯಾರ ಗೋಡೀದಪ್ಪಾ?
ನೀರು ಕೊಡು ಅಂದ.

ಇಪ್ಪತ್ನಾಕನೇ ನಂಬರ್ ಖಾಸಿಂಬೀದು.
ಆಕಿ ಗೋಡಿ ಒಳಮುಖ ಬಿದ್ದಾಗ
ಎರಡು ಆಡು ಅಡಿಗಿದ್ದವು.
ಅಪ್ಪ ಯಾರೂ ಕರೀದ ಹೋಗಿ, ಮಣ್ಣು ತುಳದು,
ಎಂಟು ದಿನದಾಗ ಗೋಡಿ ಎಬ್ಬಿಸಿಕೊಟ್ಟ.
ಪಗಾರ ಅಂದರ ಸಿಟ್ಟಿಗೆದ್ದ.
ಆಕಿ ಬದುಕಿರೋತನಾ ಪ್ರತಿ ಹಬ್ಬಕ್ಕ
ಸುರಕುಂಬಾ ಕಳಿಸಿದಳು, ಮ್ಯಾಲ ಗೋಡಂಬಿ ಹಾಕಿ.
ಅಪ್ಪ ಬಟ್ಟಲಾ ನಮ್ಮ ಕಡೆ ಸರಿಸತಿದ್ದ,
ತನಗ ಸಿಹಿ ಆಗೂದಿಲ್ಲಂತ.
ಹೋಳಿಗಿ ಮಾತ್ರ ನಾಕು ತಿಂತಿದ್ದ.

ಇವತ್ತು ಆ ಜಂಪರಿನಾಕಿ ಮತ್ತ ಬಂದಳು.
ಎರಡು ಪೀಸು ಬಿಚ್ಚಿ ಹಾಸಿ,
“ಹಿಂಗ ಗಟ್ಟಿ ಹೊಲಿಯವಾ ಮೊದಲಿಂದನ, ಜನತಾ ಮಾಡಬ್ಯಾಡ.”
ಹೂನವಾ ಅಂದೆ. ಅಳತಿ ಬರಕೊಂಡೆ.
ಹೋಗ್ತಾ ಹೋಗ್ತಾ, ಸುಮ್ನ ಮಾತಿಗೆ,
ಮನಿ ಎಲ್ಲಿ ಬರ್ತೈತಿ ನಿಂದು ಅಂದಳು.

ಸೂಜಿಗೆ ಹಾಕಾಕ ದಾರ ಬಾಯಾಗಿತ್ತು.
ತಗದು, ಒಂದೊಂದ ಅಕ್ಷರ ಬಿಡಿಸಿ ಹೇಳಿದೆ,
ಮಾಸ್ತರು ಓದಿಸಿದಂಗ.

ಅಳತಿ ಚೀಟಿ ಆಕಿ ಕೈಯಾಗಿತ್ತು.
ಮಡಚಿದಳು,
ಮತ್ತ ಮಡಚಿದಳು,
ಇನ್ನು ಮಡಚಾಕ ಬರದಷ್ಟು ಸಣ್ಣದಾತು.